ಮೂರು ಗಣಕಯಂತ್ರಗಳು, ಒಂದು ಏರ್ಪಾಟು

ಹೊಸ ಚಪ್ಪಲಿ ಕಚ್ಚುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಕಾಲು ಅದೇ, ದಾರಿಯೂ ಅದೇ. ಆದರೂ ನಾಲ್ಕು ದಿನ ನಡೆದು ಹದವಾಗುವವರೆಗೆ ಹೆಜ್ಜೆ ಸರಾಗವಾಗಿ ಬೀಳುವುದಿಲ್ಲ. ಗಣಕಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಒಂದೇ ಯಂತ್ರದ ಮುಂದೆ ದಿನವೂ ಕುಳಿತು ಕೆಲಸಮಾಡುವವನು ತನಗೆ ಅರಿವಿಲ್ಲದೆಯೇ ಅದನ್ನು ತನ್ನ ಕೈಗೆ ಹದಮಾಡಿಕೊಂಡಿರುತ್ತಾನೆ. ಅಕ್ಷರದ ಗಾತ್ರ, ಕೀಲಿಮಣೆಯ ವಿನ್ಯಾಸ, ಪದೇ ಪದೇ ಬರುವ ಪದಗಳಿಗೆ ಮಾಡಿಕೊಂಡ ಕಿರುರೂಪಗಳು, ಕಾಗುಣಿತ ನೋಡುವ ತಂತ್ರಾಂಶಕ್ಕೆ ಕಲಿಸಿಕೊಟ್ಟ ಹೊಸ ಮಾತುಗಳು, ಇವೆಲ್ಲ ಸೇರಿ ಯಂತ್ರವು ಅವನದಾಗುತ್ತದೆ. ಬೇರೊಂದು ಯಂತ್ರದ ಮುಂದೆ ಕುಳಿತೊಡನೆ ಚಪ್ಪಲಿ ಮತ್ತೆ ಕಚ್ಚತೊಡಗುತ್ತದೆ.

ಈ ಹದವನ್ನು ಯಂತ್ರದಿಂದ ಯಂತ್ರಕ್ಕೆ ಕೊಂಡೊಯ್ಯುವುದು ಹೇಗೆ, ಕಳೆದುಹೋದರೆ ಮರಳಿ ಪಡೆಯುವುದು ಹೇಗೆ ಎಂಬುದನ್ನು ನನ್ನ ಅನುಭವದ ಮೇಲಿಂದ ತಿಳಿಸುವುದು ಈ ಲೇಖನದ ಉದ್ದೇಶ. ನಾನು ಗಣಕವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸವನ್ನೂ ಕನ್ನಡವನ್ನೂ ಓದುತ್ತಿರುವವನು. ಆದುದರಿಂದ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದೆ ಹೋಗಬಹುದು. ನನ್ನಂಥ ಇತರರಿಗೆ ಇದರಿಂದ ಉಪಯೋಗವಾದರೆ ಸಾಕು.

ನಡೆದ ಸಂಗತಿ

ನನ್ನ ಊರು ಸೊರಬ ತಾಲ್ಲೂಕಿನ ಕುಬಟೂರು. ಆನವಟ್ಟಿ ನಮಗೆ ಹತ್ತಿರದ ಪೇಟೆ. ಊರವರು ಕೋಟಿನಾಥನ ಗುಡಿಯೆಂದು ಕರೆಯುವ ಕೈಟಭೇಶ್ವರ ದೇವಾಲಯ ಕ್ರಿ. ಶ. ೧೧೦೦ರ ಸುಮಾರಿನದು, ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲದ್ದು. ಊರಿನಲ್ಲಿ ಶಾಸನಗಳೂ ಇವೆ. ಕಳೆದ ವರ್ಷ ತರಗತಿಗಾಗಿ ಬರೆಯಬೇಕಾಗಿದ್ದ ಕಿರುಪ್ರಬಂಧಕ್ಕೆ ನಾನು ಎರಡು ವಿಷಯಗಳನ್ನು ಜೋಡಿಸಿಕೊಂಡೆ: ನಮ್ಮ ಭಾಗದ ಶಾಸನಗಳಲ್ಲಿ ಬರುವ ಭೂಮಿ ಸಂಬಂಧದ ಪದಗಳು, ಮತ್ತು ಇಂದಿಗೂ ಊರವರ ಬಾಯಲ್ಲಿರುವ ಗದ್ದೆಗಳ ಹೆಸರುಗಳು. ಪಹಣಿಯಲ್ಲಿ ಗದ್ದೆಗೆ ಇರುವುದು ಸರ್ವೆ ನಂಬರು. ಬಾಯಿಮಾತಿನಲ್ಲಿ ಒಂದೊಂದು ತುಂಡಿಗೂ ಒಂದೊಂದು ಹೆಸರುಂಟು. ಆ ಹೆಸರಿನಲ್ಲಿ ಹಳೆಯ ಮರವೋ, ಬತ್ತಿಹೋದ ಕೆರೆಯೋ, ಎಂದೋ ಊರು ಬಿಟ್ಟುಹೋದ ಮನೆತನವೋ ಉಳಿದುಕೊಂಡಿರುತ್ತದೆ. ಇವನ್ನೆಲ್ಲ ಬಲ್ಲವರು ನಮ್ಮ ಮನೆಯಲ್ಲಿ ಅಜ್ಜಿಯೊಬ್ಬರೇ.

ಅಜ್ಜಿ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದರು. ನಾನು ಚೀಟಿಗಳಲ್ಲಿ ಗೀಚಿಕೊಳ್ಳುತ್ತಿದ್ದೆ. ಮರುದಿನ ಕಾಲೇಜಿನ ಗಣಕ ಕೊಠಡಿಯಲ್ಲಿ ಕುಳಿತು ಅವನ್ನು ಬೆರಳಚ್ಚು ಮಾಡುತ್ತಿದ್ದೆ. ಲಿಬ್ರೆ ಆಫೀಸ್ ಎಂಬ ತಂತ್ರಾಂಶಕ್ಕೆ ಈ ಹೆಸರುಗಳು ಗೊತ್ತಿಲ್ಲ. ಗೊತ್ತಿಲ್ಲದ ಪದದ ಕೆಳಗೆಲ್ಲ ಅದು ಕೆಂಪು ಗೆರೆ ಎಳೆಯುತ್ತದೆ. ‘ನಿಘಂಟಿಗೆ ಸೇರಿಸು’ ಎಂದು ಹೇಳಿದರೆ ಗೆರೆ ಮಾಯವಾಗುತ್ತದೆ. ಹೀಗೆ ಸೇರಿಸುತ್ತ ಸೇರಿಸುತ್ತ ನಾನೂರಕ್ಕೂ ಹೆಚ್ಚು ಪದಗಳು ನನ್ನ ಸ್ವಂತ ನಿಘಂಟಿನಲ್ಲಿ ಕೂಡಿದವು. ಪ್ರಬಂಧ ಉದ್ದವಾಯಿತೆಂದು ಗುರುಗಳು ಹೇಳಿದಾಗ ಗದ್ದೆಗಳ ದೊಡ್ಡ ಪಟ್ಟಿಯನ್ನು ಕತ್ತರಿಸಿ ಮೂವತ್ತು ಹೆಸರುಗಳಿಗೆ ಇಳಿಸಿದೆ. ಮಿಕ್ಕವು ಹೇಗೂ ನಿಘಂಟಿನಲ್ಲಿ ಇವೆಯಲ್ಲ ಎಂದು ಧೈರ್ಯ. ಚೀಟಿಗಳನ್ನು ಜೋಪಾನ ಮಾಡಲಿಲ್ಲ.

ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು. ದಸರಾ ರಜೆ ಮುಗಿಸಿಕೊಂಡು ಬಂದಾಗ ಗಣಕ ಕೊಠಡಿಯ ಯಂತ್ರಗಳಿಗೆಲ್ಲ ಹೊಸದಾಗಿ ತಂತ್ರಾಂಶ ಹಾಕಲಾಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಹಲವರು ಬಳಸುವ ಯಂತ್ರಗಳನ್ನು ವರ್ಷಕ್ಕೊಮ್ಮೆಯಾದರೂ ಹಾಗೆ ಶುದ್ಧಮಾಡಲೇಬೇಕು. ಕಡತಗಳನ್ನು ತೆಗೆದಿಟ್ಟುಕೊಳ್ಳಿ ಎಂದು ಫಲಕದಲ್ಲಿ ಸೂಚನೆಯೂ ಇತ್ತು. ನಾನು ನನ್ನ ಪ್ರಬಂಧವನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟುಕೊಂಡಿದ್ದೆ. ಪ್ರಬಂಧವನ್ನು ತೆರೆದೆ. ಪುಟದ ತುಂಬ ಕೆಂಪು ಗೆರೆಗಳು! ಆಗ ತಿಳಿಯಿತು: ಬರಹ ಉಳಿದಿದೆ, ನಿಘಂಟು ಹೋಗಿದೆ. ಅದರೊಡನೆ ಅಜ್ಜಿ ಹೇಳಿದ ಹೆಸರುಗಳೂ ಹೋಗಿವೆ.

ಏರ್ಪಾಟಿನ ಕಡತವೆಂದರೇನು?

ಆ ನಿಘಂಟು ಎಲ್ಲಿತ್ತು ಎಂಬ ಪ್ರಶ್ನೆಯೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು. ಯಾವ ತಂತ್ರಾಂಶವೇ ಆಗಲಿ, ಅದನ್ನು ಮಾಡಿದವರು ತಮಗೆ ಸರಿತೋರಿದ ಒಂದು ಏರ್ಪಾಟನ್ನು ಇಟ್ಟು ಕಳುಹಿಸಿರುತ್ತಾರೆ. ಬಳಸುವವನು ಅದನ್ನು ಬದಲಾಯಿಸಿದಾಗ ಆ ಬದಲಾವಣೆಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳದಿದ್ದರೆ ಮರುದಿನ ಮರೆತುಹೋಗುತ್ತದೆ. ಹಾಗೆ ಬರೆದಿಡುವ ಸಣ್ಣ ಸಣ್ಣ ಕಡತಗಳಿಗೆ ಇಂಗ್ಲಿಷಿನಲ್ಲಿ ಕಾನ್ಫಿಗರೇಷನ್ ಫೈಲುಗಳೆಂದು ಹೆಸರು. ನಾನು ಇವನ್ನು ಏರ್ಪಾಟಿನ ಕಡತಗಳೆಂದು ಕರೆಯುತ್ತೇನೆ.

‘ಕಡತ’ ಎಂಬ ಮಾತಿನ ಮೂಲವನ್ನು ಇಲ್ಲಿ ನೆನೆಯಬಹುದು. ಹಿಂದೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿಟ್ಟುಕೊಂಡು, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಅದರಲ್ಲಿ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇಂದಿನ ಗಣಕದ ಕಡತಕ್ಕೂ ಅದೇ ಗುಣ, ಅದೇ ಅಪಾಯ. ಒರೆಸಿದ ಮೇಲೆ ಹಿಂದೆ ಏನಿತ್ತೆಂದು ಬಟ್ಟೆ ಹೇಳುವುದಿಲ್ಲ.

ಲಿನಕ್ಸ್ ಯಂತ್ರಗಳಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಮನೆಯೆಂಬ ಹೆಸರಿನ ಒಂದು ಕೋಶವಿರುತ್ತದೆ. ಏರ್ಪಾಟಿನ ಕಡತಗಳು ಹೆಚ್ಚಾಗಿ ಇರುವುದು ಆ ಮನೆಯಲ್ಲಿಯೇ. ಆದರೆ ಕಣ್ಣಿಗೆ ಬೀಳುವುದಿಲ್ಲ. ಅವುಗಳ ಅಥವಾ ಅವನ್ನು ಇಟ್ಟ ಕೋಶದ ಹೆಸರು ಚುಕ್ಕೆಯಿಂದ ಆರಂಭವಾಗುತ್ತದೆ. ಚುಕ್ಕೆಯಿಂದ ಆರಂಭವಾದ ಹೆಸರನ್ನು ಪಟ್ಟಿಯಲ್ಲಿ ತೋರಿಸಬಾರದೆಂಬುದು ಯುನಿಕ್ಸ್ ಕಾಲದಿಂದ ಬಂದ ರೂಢಿ. ಯುನಿಕ್ಸ್ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಆರಂಭವಾಯಿತು; ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಮುಖ್ಯ ನಿರ್ಮಾಪಕರು. ಅಲ್ಲಿಯೇ ಕೆಲಸಮಾಡಿದ್ದ ರಾಬ್ ಪೈಕ್ ಅವರು ೨೦೧೨ರಲ್ಲಿ ಈ ರೂಢಿಯ ಹಿನ್ನೆಲೆಯನ್ನು ಬರೆದಿದ್ದಾರೆ. ಪ್ರತಿ ಕೋಶದಲ್ಲಿಯೂ ‘ಇದೇ ಕೋಶ’, ‘ಇದರ ಮೇಲಿನ ಕೋಶ’ ಎಂಬುದನ್ನು ಸೂಚಿಸುವ ಒಂದು ಚುಕ್ಕೆಯ ಮತ್ತು ಎರಡು ಚುಕ್ಕೆಯ ಹೆಸರುಗಳಿರುತ್ತಿದ್ದವು. ಅವೆರಡು ಪಟ್ಟಿಯಲ್ಲಿ ಕಾಣದಿರಲೆಂದು ಮೊದಲ ಅಕ್ಷರ ಚುಕ್ಕೆಯಾದರೆ ಬಿಟ್ಟುಬಿಡುವಂತೆ ಮಾಡಿದರು. ಅದರಿಂದ ಚುಕ್ಕೆಯಿರುವ ಎಲ್ಲ ಹೆಸರುಗಳೂ ಮರೆಯಾದವು. ಸೋಮಾರಿತನದ ಒಂದು ಅಡ್ಡದಾರಿ ಹೀಗೆ ಲೋಕದ ಪದ್ಧತಿಯಾಯಿತು. ವಿಂಡೋಸಿನಲ್ಲಿ ಇಂಥ ಏರ್ಪಾಟುಗಳು ಆಪ್‌ಡೇಟಾ ಎಂಬ ಮರೆಯ ಕೋಶದಲ್ಲಿಯೂ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿಯೂ ಇರುತ್ತವೆ.

ಕಣ್ಣಿಗೆ ಬೀಳದುದೇ ಇಲ್ಲಿನ ತೊಡಕು. ನಾನು ಪೆನ್‌ಡ್ರೈವಿಗೆ ಹಾಕಿಕೊಂಡದ್ದು ಕಣ್ಣಿಗೆ ಕಂಡ ಪ್ರಬಂಧವನ್ನು. ನಿಘಂಟು ಅದೇ ಮನೆಯಲ್ಲಿ, ಚುಕ್ಕೆಯ ಮರೆಯಲ್ಲಿ ಕುಳಿತಿತ್ತು.

ಕನ್ನಡಿಗನ ಹೆಚ್ಚಿನ ತೊಂದರೆ

ಇಂಗ್ಲಿಷಿನಲ್ಲಿ ಬರೆಯುವವನು ಯಾವ ಯಂತ್ರದ ಮುಂದೆ ಕುಳಿತರೂ ಅಕ್ಷರವಂತೂ ಮೂಡುತ್ತದೆ. ಕನ್ನಡದಲ್ಲಿ ಬರೆಯುವವನ ಸ್ಥಿತಿ ಬೇರೆ. ಕೀಲಿಯ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರ; ಅದನ್ನು ಒತ್ತಿದರೆ ಯಾವ ಕನ್ನಡ ಅಕ್ಷರ ಮೂಡಬೇಕೆಂಬುದು ಏರ್ಪಾಟಿಗೆ ಬಿಟ್ಟದ್ದು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಆಧಾರದ ಮೇಲೆ ಬಂದ ಕಗಪ ಅಥವಾ ನುಡಿ ಕೀಲಿಮಣೆ ಒಂದು. ಭಾರತೀಯ ಭಾಷೆಗಳಿಗೆಲ್ಲ ಹೊಂದುವಂತೆ ಮಾಡಿದ ಇನ್‌ಸ್ಕ್ರಿಪ್ಟ್ ಇನ್ನೊಂದು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ತಂತ್ರಾಂಶದಿಂದ ಅನೇಕರಿಗೆ ರೂಢಿಯಾದ, ಇಂಗ್ಲಿಷ್ ಕಾಗುಣಿತದಲ್ಲಿ ಒತ್ತಿ ಕನ್ನಡ ಪಡೆಯುವ ಕ್ರಮ ಮತ್ತೊಂದು.

ಒಂದು ಉದಾಹರಣೆ ಕೊಡುತ್ತೇನೆ. ಒತ್ತಕ್ಷರ ಬರೆಯಲು ಬೇಕಾದ ಅರ್ಧಾಕ್ಷರ ಚಿಹ್ನೆ ಕಗಪದಲ್ಲಿ ಎಫ್ ಕೀಲಿಯಲ್ಲಿದೆ, ಇನ್‌ಸ್ಕ್ರಿಪ್ಟಿನಲ್ಲಿ ಡಿ ಕೀಲಿಯಲ್ಲಿದೆ. ಕಗಪಕ್ಕೆ ಒಗ್ಗಿದ ಬೆರಳು ಇನ್‌ಸ್ಕ್ರಿಪ್ಟ್ ಇರುವ ಯಂತ್ರದಲ್ಲಿ ಎಫ್ ಒತ್ತಿದರೆ ಅರ್ಧಾಕ್ಷರದ ಬದಲು ಇಕಾರದ ಗುಡಿಸು ಮೂಡುತ್ತದೆ. ದಕಾರಕ್ಕೆಂದು ಡಿ ಒತ್ತಿದರೆ ಹಿಂದಿನ ಅಕ್ಷರಕ್ಕೆ ಅರ್ಧಾಕ್ಷರ ಬಂದು ಕೂರುತ್ತದೆ. ಕುಬಟೂರಿನವನು ‘ಕುಬಟೂರು’ ಎಂದು ಬರೆಯಲಾರದೆ ತಡಬಡಿಸುತ್ತಾನೆ. ಆನವಟ್ಟಿಯ ಡಿ. ಟಿ. ಪಿ. ಅಂಗಡಿಯೊಂದರಲ್ಲಿ ನಾನು ಹೀಗೆ ತಡವರಿಸುತ್ತಿದ್ದಾಗ ಅಂಗಡಿಯವರು, “ಬರೆಯೋದು ಬರೋದಿಲ್ವೇನು ತಮ್ಮಾ, ಬಿ. ಎ. ಓದ್ತಿದ್ದೀ ಅಂದೆ?” ಎಂದು ನಕ್ಕರು. ತಪ್ಪು ಕಲಿಕೆಯದಲ್ಲ, ಏರ್ಪಾಟಿನದು ಎಂದು ವಿವರಿಸುವಷ್ಟು ವ್ಯವಧಾನ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅಕ್ಷರಗಳ ಸಂಕೇತದ ಪ್ರಶ್ನೆಯೂ ಇದರೊಡನೆ ಸೇರಿದೆ. ಹಳೆಯ ಕೆಲವು ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಬರಹವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ಆದಕಾರಣ ಮೊದಲ ನಿಯಮ ಇದು: ಬರಹವಾಗಲಿ, ಪದಪಟ್ಟಿಯಾಗಲಿ, ಯೂನಿಕೋಡಿನಲ್ಲಿಯೇ ಇರಲಿ. ಉಳಿದ ಉಪಾಯಗಳೆಲ್ಲ ಇದರ ಮೇಲೆ ನಿಲ್ಲತಕ್ಕವು.

ನಾನು ಮೊದಲು ಹಿಡಿದ ತಪ್ಪುದಾರಿಗಳು

ನಿಘಂಟು ಹೋದ ಮೇಲೆ ಬುದ್ಧಿ ಬಂದು, ಹೊಸ ನಿಘಂಟನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತಿರುಗತೊಡಗಿದೆ. ಮನೆಯ ಹಳೆಯ ಲ್ಯಾಪ್‌ಟಾಪಿಗೆ ಒಂದು ನಕಲು, ಕಾಲೇಜಿನ ಯಂತ್ರಕ್ಕೆ ಒಂದು ನಕಲು. ಎರಡೇ ವಾರದಲ್ಲಿ ಗೊಂದಲ ಹುಟ್ಟಿತು. ಶನಿವಾರ ಮನೆಯಲ್ಲಿ ಹದಿನೈದು ಪದ ಸೇರಿಸಿದ್ದೆ. ಸೋಮವಾರ ಕಾಲೇಜಿನಲ್ಲಿ ಇಪ್ಪತ್ತು. ಒಂದರ ಮೇಲೆ ಒಂದನ್ನು ನಕಲು ಮಾಡಿದಾಗ ಇಪ್ಪತ್ತು ಉಳಿದು ಹದಿನೈದು ಅಳಿದವು. ಎರಡು ಪ್ರತಿಗಳೂ ಬೇರೆ ಬೇರೆಯಾಗಿ ಬೆಳೆದಿರುವಾಗ ‘ಯಾವುದು ಹೊಸತು?’ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಎರಡೂ ಹೊಸತೇ.

ಮುಂದೆ ಇನ್ನೊಂದು ಪ್ರಯೋಗ. ಮನೆಯ ಯಂತ್ರದಲ್ಲಿನ ಚುಕ್ಕೆ ಕಡತಗಳನ್ನೆಲ್ಲ ಸಾರಾಸಗಟಾಗಿ ಎತ್ತಿ ಕಾಲೇಜಿನ ಯಂತ್ರದಲ್ಲಿ ಹಾಕಿದೆ. ಅಕ್ಷರ ವಿಪರೀತ ದೊಡ್ಡದಾಯಿತು. ಅಲ್ಲಿಲ್ಲದ ಮುದ್ರಣಯಂತ್ರವನ್ನು ತಂತ್ರಾಂಶ ಹುಡುಕತೊಡಗಿತು. ಯಂತ್ರಕ್ಕೆ ಸೇರಿದ್ದನ್ನೂ ನನಗೆ ಸೇರಿದ್ದನ್ನೂ ನಾನು ಒಂದೇ ಗಂಟಿನಲ್ಲಿ ಕಟ್ಟಿದ್ದೆ.

ಮೂರನೆಯದಾಗಿ, ಅಂತರಜಾಲದ ಮೂಲಕ ಎರಡು ಯಂತ್ರಗಳ ಕೋಶಗಳನ್ನು ತಾನಾಗಿಯೇ ಒಂದೇ ಆಗಿಡುವ ಸೇವೆಗಳಿವೆ. ಅವು ಉಪಯುಕ್ತವೇ. ಆದರೆ ಅವು ಒಳ್ಳೆಯ ಬದಲಾವಣೆಯಷ್ಟೇ ಚುರುಕಾಗಿ ತಪ್ಪನ್ನೂ ಎಲ್ಲೆಡೆ ಹರಡುತ್ತವೆ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ. ಮಳೆಗಾಲದಲ್ಲಿ ವಿದ್ಯುತ್ತೂ ಜಾಲವೂ ಕೈಕೊಡುವ ನಮ್ಮಂಥ ಊರಿನಲ್ಲಿ ಅವನ್ನೇ ನೆಚ್ಚಿ ಕೂರುವಂತೆಯೂ ಇಲ್ಲ.

ಕಲ್ಲು ಮತ್ತು ಅಚ್ಚುಪ್ರತಿ

ಈ ಗೊಂದಲದಿಂದ ಹೊರಬರುವ ದಾರಿ ನನಗೆ ತರಗತಿಯಲ್ಲಿಯೇ ಸಿಕ್ಕಿತೆಂದರೆ ವಿಚಿತ್ರವೆನಿಸಬಹುದು. ಶಾಸನವನ್ನು ಓದುವವರು ಕಲ್ಲನ್ನು ಹೊತ್ತುಕೊಂಡು ಹೋಗುವುದಿಲ್ಲ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಕಿ, ಕುಂಚದಿಂದ ತಟ್ಟಿ, ಮಸಿ ಸವರಿ ಅಚ್ಚುಪ್ರತಿ ತೆಗೆದುಕೊಳ್ಳುತ್ತಾರೆ. ಸೊರಬ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ೧೯೦೪ರಲ್ಲಿ ಅಚ್ಚಾದವು. ಆ ಪುಸ್ತಕ ಎಷ್ಟು ಊರುಗಳಲ್ಲಿ ಇದ್ದರೂ, ಓದಿನಲ್ಲಿ ಸಂಶಯ ಬಂದಾಗ ವಿದ್ವಾಂಸರು ಮರಳುವುದು ಕಲ್ಲಿಗೇ. ಪ್ರತಿಗಳು ಹಲವು, ಮೂಲ ಒಂದು. ಯಾವುದು ಮೂಲವೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ನನ್ನ ಕಡತಗಳಲ್ಲಿ ಇಲ್ಲದೆ ಹೋದದ್ದು ಇದೇ. ಈಗ ನಾನು ಅನುಸರಿಸುವ ಕ್ರಮವನ್ನು ಐದು ಮಾತುಗಳಲ್ಲಿ ಹೇಳುತ್ತೇನೆ.

ಒಂದು: ಮೂಲ ಒಂದೇ ಕಡೆ ಇರಲಿ. ಏರ್ಪಾಟಿನ ಕಡತಗಳನ್ನೆಲ್ಲ ಒಂದು ಕೋಶದಲ್ಲಿ ಒಟ್ಟುಗೂಡಿಸಬೇಕು. ಅದಕ್ಕೆ ಚುಕ್ಕೆಯ ಮರೆ ಬೇಡ. ಕಣ್ಣಿಗೆ ಕಾಣುವ ಹೆಸರಿರಲಿ. ಆದರೆ ತಂತ್ರಾಂಶವು ತನ್ನ ಕಡತವನ್ನು ತಾನು ಬಲ್ಲ ಜಾಗದಲ್ಲಿಯೇ ಹುಡುಕುತ್ತದಲ್ಲ? ಅದಕ್ಕೆ ಸಂಕೇತ ಕೊಂಡಿಯೆಂಬ ಉಪಾಯವಿದೆ. ಮನೆ ಬದಲಾಯಿಸಿದವರು ಹಳೆಯ ಬಾಗಿಲಿಗೆ ‘ನಾವು ಈಗ ಇಂಥ ಬೀದಿಯಲ್ಲಿ ಇದ್ದೇವೆ’ ಎಂದು ಚೀಟಿ ಅಂಟಿಸುವುದಿಲ್ಲವೆ? ಹಾಗೆಯೇ ಹಳೆಯ ಜಾಗದಲ್ಲಿ ಕಡತದ ಬದಲು ಒಂದು ಕೊಂಡಿಯನ್ನು ಇಡುವುದು. ತಂತ್ರಾಂಶ ಅಲ್ಲಿಗೆ ಹೋದರೆ ಕೊಂಡಿಯು ಅದನ್ನು ಮೂಲದ ಬಳಿಗೆ ಕರೆತರುತ್ತದೆ. ಹತ್ತಾರು ಕೊಂಡಿಗಳನ್ನು ಒಂದೇ ಆಜ್ಞೆಯಿಂದ ಹಾಕಿಕೊಡುವ ಗ್ನೂ ಸ್ಟೋ ಎಂಬ ಸಾಧನವನ್ನು ಬಹಳ ಮಂದಿ ಬಳಸುತ್ತಾರೆ. ಒಂದು ಎಚ್ಚರಿಕೆ ಬೇಕು. ಕೆಲವು ತಂತ್ರಾಂಶಗಳು ಉಳಿಸುವಾಗ ಹಳೆಯದನ್ನು ತೆಗೆದು ಹೊಸ ಕಡತವನ್ನೇ ಇಟ್ಟುಬಿಡುತ್ತವೆ. ಆಗ ಕೊಂಡಿ ಹರಿದುಹೋಗುತ್ತದೆ. ಮೊದಲ ಕೆಲವು ದಿನ ಇದನ್ನು ನೋಡಿಕೊಂಡಿರಬೇಕು.

ಎರಡು: ಬದಲಾವಣೆಯ ಚರಿತ್ರೆ ಇರಲಿ. ಇದಕ್ಕೆ ಒದಗುವುದು ಗಿಟ್ ಎಂಬ ತಂತ್ರಾಂಶ. ಲಿನಕ್ಸಿನ ಜನಕರಾದ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ನಿರ್ಮಾಣದ ಕೆಲಸಕ್ಕಾಗಿಯೇ ಇದನ್ನು ೨೦೦೫ರಲ್ಲಿ ಬರೆದರು. ಸಾವಿರಾರು ಜನ ಸೇರಿ ಮಾಡುವ ಕೆಲಸಕ್ಕೆ ಹುಟ್ಟಿದ ಸಾಧನ ಒಬ್ಬ ವಿದ್ಯಾರ್ಥಿಯ ಪದಪಟ್ಟಿಗೂ ಒದಗುತ್ತದೆ. ಬದಲಾವಣೆ ಮಾಡಿದಾಗಲೆಲ್ಲ ‘ಇಂದು ಕೆರೆಯ ಕೆಳಗಣ ಗದ್ದೆಗಳ ಹೆಸರು ಸೇರಿಸಿದೆ’ ಎಂಬಂತೆ ಒಂದು ಮಾತು ಬರೆದು ಮುದ್ರೆ ಒತ್ತುವುದು. ತಾಮ್ರಶಾಸನಗಳನ್ನು ನೋಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಹಲವು ಹಲಗೆಗಳನ್ನು ಒಂದು ಬಳೆಗೆ ಪೋಣಿಸಿ, ಬಳೆಯ ಬಾಯಿಗೆ ರಾಜಮುದ್ರೆ ಹಾಕಿರುತ್ತಾರೆ. ನಡುವೆ ಒಂದು ಹಲಗೆಯನ್ನು ಬದಲಾಯಿಸಬೇಕಾದರೆ ಬಳೆಯನ್ನು ಕತ್ತರಿಸಲೇಬೇಕು. ಗಿಟ್‌ನಲ್ಲಿ ಪ್ರತಿಯೊಂದು ದಾಖಲೆಯೂ ತನ್ನ ಹಿಂದಿನ ದಾಖಲೆಯ ಗುರುತನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಆ ಗುರುತು ಹಿಂದಿನದರ ಒಳಗಿನ ಅಕ್ಷರಗಳಿಂದಲೇ ಲೆಕ್ಕಹಾಕಿ ಬಂದದ್ದು. ಹಿಂದಿನದು ಒಂದಕ್ಷರ ಬದಲಾದರೂ ಮುಂದಿನ ಸರಪಳಿ ಹೊಂದುವುದಿಲ್ಲ. ಅಳಿಸಿದ ಪದವನ್ನೂ ಹಿಂದಿನ ದಾಖಲೆಯಿಂದ ಮರಳಿ ತೆಗೆಯಬಹುದು.

ಇದಕ್ಕೆ ಸದಾ ಅಂತರಜಾಲ ಬೇಕಿಲ್ಲವೆಂಬುದು ನಮಗೆ ದೊಡ್ಡ ಅನುಕೂಲ. ಪ್ರತಿ ಯಂತ್ರದಲ್ಲಿಯೂ ಪೂರ್ಣ ಚರಿತ್ರೆ ಇರುತ್ತದೆ. ನನ್ನ ಪೆನ್‌ಡ್ರೈವಿನಲ್ಲಿಯೇ ಒಂದು ಭಂಡಾರವನ್ನು ಮಾಡಿಟ್ಟುಕೊಂಡು, ಅದನ್ನೇ ಮೂಲವೆಂದು ಗೊತ್ತುಮಾಡಿದ್ದೇನೆ. ಬಸ್ಸು ಹತ್ತುವ ಮೊದಲು ಮನೆಯ ಬದಲಾವಣೆಯನ್ನು ಅದಕ್ಕೆ ಒಪ್ಪಿಸುವುದು, ಕಾಲೇಜಿನಲ್ಲಿ ಅದರಿಂದ ಪಡೆಯುವುದು. ಎರಡು ಕಡೆಯೂ ಪದ ಸೇರಿದ್ದರೆ ಗಿಟ್ ಅವನ್ನು ಸಾಲುಸಾಲಾಗಿ ಹೋಲಿಸಿ ಕೂಡಿಸುತ್ತದೆ. ಒಂದೇ ಜಾಗದಲ್ಲಿ ಎರಡು ಬಗೆಯ ಬದಲಾವಣೆ ಕಂಡರೆ ತಾನೇ ತೀರ್ಮಾನಿಸದೆ ನಮ್ಮ ಮುಂದಿಡುತ್ತದೆ. ಆದುದರಿಂದ ಪದಪಟ್ಟಿಯಲ್ಲಿ ಸಾಲಿಗೊಂದೇ ಪದವಿರಬೇಕು, ಅಕಾರಾದಿಯಾಗಿ ಇದ್ದರೆ ಇನ್ನೂ ಒಳ್ಳೆಯದು. ಪಟ್ಟಿಯಂಥ ಕಡತಗಳಲ್ಲಿ ‘ಎರಡೂ ಕಡೆಯ ಸಾಲುಗಳನ್ನು ಇಟ್ಟುಕೋ’ ಎಂದು ಮೊದಲೇ ಹೇಳಿಡಲೂ ಬರುತ್ತದೆ.

ಎಲ್ಲ ಕಡತಗಳಿಗೂ ಈ ಉಪಾಯ ಸಲ್ಲದು. ಲಿಬ್ರೆ ಆಫೀಸಿನ ಸ್ವಂತ ನಿಘಂಟು ಸಾಮಾನ್ಯ ಅಕ್ಷರಗಳ ಕಡತ. ತಲೆಯಲ್ಲಿ ಕೆಲವು ಸಾಲು ವಿವರ, ಮುಂದೆ ಸಾಲಿಗೊಂದು ಪದ. ಆದರೆ ಅದರ ಕಿರುರೂಪಗಳ ಪಟ್ಟಿ ಜಿಪ್ ಗಂಟಿನೊಳಗೆ ಇರುತ್ತದೆ. ಗಂಟನ್ನು ಗಿಟ್ ಜೋಪಾನವಾಗಿ ಇಟ್ಟುಕೊಳ್ಳಬಲ್ಲದು, ಸಾಲುಸಾಲಾಗಿ ಕೂಡಿಸಲಾರದು. ಅಂಥವನ್ನು ಒಂದೇ ಯಂತ್ರದಲ್ಲಿ ಬದಲಾಯಿಸುವ ನಿಯಮವನ್ನು ನಾನು ಇಟ್ಟುಕೊಂಡಿದ್ದೇನೆ. ತಂತ್ರಾಂಶ ತೆರೆದಿರುವಾಗ ಅದರ ಕಡತವನ್ನು ಹೊರಗಿನಿಂದ ಬದಲಾಯಿಸುವುದೂ ಸರಿಯಲ್ಲ. ತನ್ನ ನೆನಪಿನಲ್ಲಿ ಇರುವುದನ್ನೇ ಅದು ಮತ್ತೆ ಬರೆದುಬಿಡಬಹುದು.

ಮೂರು: ನನ್ನದು ಬೇರೆ, ಯಂತ್ರದ್ದು ಬೇರೆ. ಪದಪಟ್ಟಿ, ಕೀಲಿಮಣೆಯ ಆಯ್ಕೆ, ಕಿರುರೂಪ, ಇವು ನನ್ನವು. ಎಲ್ಲ ಕಡೆಯೂ ಒಂದೇ. ಪರದೆಯ ಅಳತೆ, ಮುದ್ರಣಯಂತ್ರ, ಕೋಶಗಳ ದಾರಿ, ಇವು ಯಂತ್ರದವು. ಒಲೆ ಸೌದೆಯದಾಗಲಿ ಗ್ಯಾಸಿನದಾಗಲಿ ಸಾರಿನ ಪುಡಿ ಒಂದೇ ಅಲ್ಲವೆ? ಪುಡಿಯ ಡಬ್ಬಿಯೊಡನೆ ಒಲೆಯನ್ನು ಹೊತ್ತೊಯ್ಯಬೇಕಾಗಿಲ್ಲ. ಅನೇಕ ತಂತ್ರಾಂಶಗಳಲ್ಲಿ ಮುಖ್ಯ ಕಡತದ ಕೊನೆಗೆ ‘ಈ ಯಂತ್ರದ್ದೇ ಆದ ಕಡತವೊಂದು ಇದ್ದರೆ ಅದನ್ನೂ ಓದಿಕೊ’ ಎಂದು ಬರೆದಿಡಬಹುದು. ಮುಖ್ಯ ಕಡತ ಭಂಡಾರಕ್ಕೆ ಸೇರುತ್ತದೆ. ಆ ಸಣ್ಣದು ಯಂತ್ರದಲ್ಲಿಯೇ ಉಳಿಯುತ್ತದೆ.

ನಾಲ್ಕು: ಗುಟ್ಟು ಭಂಡಾರಕ್ಕೆ ಸೇರದಿರಲಿ. ಏರ್ಪಾಟಿನ ಕಡತಗಳಲ್ಲಿ ಕೆಲವೊಮ್ಮೆ ಪಾಸ್‌ವರ್ಡುಗಳೂ ಖಾಸಗಿ ಕೀಲಿಗಳೂ ಅಡಗಿರುತ್ತವೆ. ಚರಿತ್ರೆಯನ್ನು ಮರೆಯದಿರುವುದು ಗಿಟ್‌ನ ಗುಣವೆಂದು ಹೇಳಿದೆನಷ್ಟೆ. ಇಲ್ಲಿ ಅದೇ ದೋಷವಾಗುತ್ತದೆ. ಇಂದು ಸೇರಿಸಿದ ಪಾಸ್‌ವರ್ಡನ್ನು ನಾಳೆ ಅಳಿಸಿದರೂ ಹಿಂದಿನ ದಾಖಲೆಯಲ್ಲಿ ಅದು ಹಾಗೆಯೇ ಇರುತ್ತದೆ. ಅಂಥ ಭಂಡಾರವನ್ನು ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರೆ ಪಾಸ್‌ವರ್ಡನ್ನೇ ಬದಲಾಯಿಸುವುದು ಒಂದೇ ದಾರಿ. ಹಲವರು ಬಳಸುವ ಯಂತ್ರದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಎದ್ದು ಬರುವಾಗ ನಮ್ಮ ಖಾತೆಯಿಂದ ಹೊರಬಂದೆವೆ ಎಂದು ನೋಡಿಕೊಳ್ಳಬೇಕು. ಪೆನ್‌ಡ್ರೈವು ಕಳೆದುಹೋದರೂ ನಷ್ಟವಾಗದಂತೆ ಅದರ ಇನ್ನೊಂದು ಪ್ರತಿ ಮನೆಯಲ್ಲಿ ಇರಬೇಕು.

ಐದು: ಬೇಕಾಗುವ ಮೊದಲೇ ಪರೀಕ್ಷಿಸಿ ನೋಡಿ. ಹೊಸ ಯಂತ್ರ ಸಿಕ್ಕಾಗ ಏನೇನು ಮಾಡಬೇಕೆಂಬುದನ್ನು ಕ್ರಮವಾಗಿ ಬರೆದು ಭಂಡಾರದಲ್ಲಿಯೇ ಇಟ್ಟಿದ್ದೇನೆ. ಮೊದಲ ಸಲ ಮನೆಯ ಲ್ಯಾಪ್‌ಟಾಪಿನಲ್ಲಿ ಬೇರೊಂದು ಬಳಕೆದಾರನ ಹೆಸರು ಮಾಡಿಕೊಂಡು ಈ ಕ್ರಮವನ್ನು ನಡೆಸಿ ನೋಡಿದಾಗ ಕನ್ನಡ ಕೀಲಿಮಣೆಯ ಆಯ್ಕೆಯೇ ಬಂದಿರಲಿಲ್ಲ. ಆ ಆಯ್ಕೆಯನ್ನು ಡಿಕಾನ್ಫ್ ಎಂಬ, ನಾವು ನೇರವಾಗಿ ಓದಲಾಗದ ಕಡತದಲ್ಲಿ ಇಟ್ಟಿದ್ದರು. ಅದನ್ನು ಅಕ್ಷರರೂಪದಲ್ಲಿ ಹೊರತೆಗೆಯುವ ಆಜ್ಞೆಯೊಂದು ಇದೆಯೆಂದು ಹುಡುಕಿ ತಿಳಿದು ಕ್ರಮದಲ್ಲಿ ಸೇರಿಸಿದೆ. ಪರೀಕ್ಷಿಸದೆ ಇದ್ದಿದ್ದರೆ ಮುಂದಿನ ದಸರಾದವರೆಗೆ ಇದು ತಿಳಿಯುತ್ತಿರಲಿಲ್ಲ. ಈಗ ಹೊಸ ಯಂತ್ರದಲ್ಲಿ ಹತ್ತು ನಿಮಿಷಕ್ಕೆ ನನ್ನ ಬೆರಳುಗಳು ತಮ್ಮ ಜಾಗದಲ್ಲಿ ಇರುತ್ತವೆ.

ಆನವಟ್ಟಿಯ ಅಂಗಡಿಯ ಯಂತ್ರದಲ್ಲಿ ಇವಾವುದನ್ನೂ ಮಾಡಲು ಬರುವುದಿಲ್ಲ, ಮಾಡಲೂ ಬಾರದು; ಅದು ಇನ್ನೊಬ್ಬರ ಮನೆ. ಅಲ್ಲಿಗೆ ಫಾಂಟುಗಳನ್ನು ಒಳಗೊಂಡ ಪಿ. ಡಿ. ಎಫ್. ಕಡತವನ್ನು ಮಾತ್ರ ಒಯ್ಯುತ್ತೇನೆ. ಅಂಗಡಿಯವರು ಈಗ ನಗುವುದಿಲ್ಲ.

ಉಳಿದ ಮಾತು

ಹೋದ ಹೆಸರುಗಳ ಕಥೆಯನ್ನು ಹೇಳಿ ಮುಗಿಸುತ್ತೇನೆ. ಚಿಕ್ಕಪ್ಪನೊಡನೆ ಗದ್ದೆಯ ಬದುಗಳ ಮೇಲೆ ನಾಲ್ಕು ಭಾನುವಾರ ಅಲೆದೆ. ನೆರೆಮನೆಯ ಹಿರಿಯರನ್ನು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಹೆಸರುಗಳು ಮರಳಿ ಸಿಕ್ಕವು. ಕೆಲವನ್ನು ನಾನೇ ನೆನಪು ಮಾಡಿಕೊಂಡೆ. ಇನ್ನು ಕೆಲವು ತುಂಡುಗಳ ಬಳಿ ನಿಂತು ಕೇಳಿದರೆ, “ಇದಕ್ಕೆ ಏನೋ ಒಂದು ಹೆಸರಿತ್ತಪ್ಪ, ನಿಮ್ಮಜ್ಜಿಗೆ ಗೊತ್ತಿತ್ತು” ಎಂಬ ಉತ್ತರವೇ ಬಂತು. ಆ ತುಂಡುಗಳಿಗೆ ಈಗ ಸರ್ವೆ ನಂಬರು ಮಾತ್ರ ಇದೆ.

ಈ ಅಲೆದಾಟದಲ್ಲಿ ನನಗೆ ಇನ್ನೊಂದು ತಪ್ಪು ಅರಿವಾಯಿತು. ನನ್ನ ನಿಘಂಟು ಉಳಿದಿದ್ದರೂ ಅದರಲ್ಲಿ ಇದ್ದದ್ದು ಬರಿಯ ಪದಗಳು. ಯಾವ ಹೆಸರು ಯಾವ ಗದ್ದೆಯದು, ಆ ಹೆಸರು ಏಕೆ ಬಂತು, ಹೇಳಿದವರು ಯಾರು ಎಂಬುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಕೆಂಪು ಗೆರೆಯನ್ನು ಅಳಿಸುವುದಕ್ಕೆಂದು ಮಾಡಿದ ಕಡತವನ್ನು ನಾನು ನೆನಪಿನ ಪೆಟ್ಟಿಗೆಯೆಂದು ತಿಳಿದಿದ್ದೆ. ಏರ್ಪಾಟಿನ ಕಡತಕ್ಕೆ ಏರ್ಪಾಟಿನ ಕೆಲಸವನ್ನಷ್ಟೇ ಒಪ್ಪಿಸಬೇಕು. ಈಗ ಅದರ ಪಕ್ಕದಲ್ಲಿ ಇನ್ನೊಂದು ಕಡತವಿದೆ: ಹೆಸರು, ಸರ್ವೆ ನಂಬರು, ಅರ್ಥ, ಹೇಳಿದವರು, ಹೇಳಿದ ದಿನ. ಅದೇ ಭಂಡಾರ, ಅದೇ ಚರಿತ್ರೆ. ಅದರ ಒಂದು ಪ್ರತಿಯನ್ನು ಅಚ್ಚುಮಾಡಿಸಿ ಮನೆಯ ಪೆಟ್ಟಿಗೆಯಲ್ಲಿಯೂ ಇಟ್ಟಿದ್ದೇನೆ.

ನಮ್ಮ ಕಾಲೇಜಿಗೆ ಸುತ್ತಲಿನ ಹಳ್ಳಿಗಳಿಂದ ಬರುವವರು ನಾವೆಲ್ಲ. ಪ್ರತಿಯೊಬ್ಬರ ಊರಿನಲ್ಲಿಯೂ ತಂತ್ರಾಂಶಕ್ಕೆ ಗೊತ್ತಿಲ್ಲದ ಮಾತುಗಳಿವೆ. ಪ್ರತಿಯೊಬ್ಬರೂ ಬರೆಯುವಾಗ ಕೆಂಪು ಗೆರೆ ಎಳೆಸಿಕೊಳ್ಳುತ್ತಿದ್ದೇವೆ. ಕನ್ನಡ ವಿಭಾಗದ ಗುರುಗಳು ಒಪ್ಪಿದರೆ ನಾವೆಲ್ಲ ಒಂದೇ ಪದಪಟ್ಟಿಯನ್ನು ಇಟ್ಟುಕೊಳ್ಳಬಹುದು. ವರ್ಷವರ್ಷವೂ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಮಾತುಗಳನ್ನು, ಹೇಳಿದವರ ಹೆಸರಿನೊಡನೆ, ಅದಕ್ಕೆ ಸೇರಿಸುತ್ತ ಹೋಗಬಹುದು. ಯಂತ್ರಗಳು ದಸರೆಗೊಮ್ಮೆ ಬರಿದಾದರೆ ಆಗಲಿ. ಮೊದಲ ಪಟ್ಟಿಯಾಗಿ ಕುಬಟೂರಿನದನ್ನು ಕೊಡಲು ನಾನು ಸಿದ್ಧನಿದ್ದೇನೆ. ತಮ್ಮ ಮನೆಯ ಹಿರಿಯರು ಇನ್ನೂ ಜಗಲಿಯಲ್ಲಿ ಕುಳಿತಿರುವ ಗೆಳೆಯರು ಈ ರಜೆಯಲ್ಲಿಯೇ ಆರಂಭಿಸಲಿ ಎಂದು ಕೇಳಿಕೊಳ್ಳುತ್ತೇನೆ.